ಗೋರಿಕಲ್ಲಿನ ಮೇಲೆ ‘ದಫೇದಾರ’ ಎಂದರೆ ಜನ ಏನೆಂದು ಓದುತ್ತಾರೆ?

ಬಲ್ಲವರಲ್ಲಿ ಒಂದು ಪ್ರಶ್ನೆ. ರಾಯಚೂರಿನ ನನ್ನ ಗೆಳೆಯನೊಬ್ಬನ ಮುತ್ತಜ್ಜ ನಿಜಾಮರ ಹೈದರಾಬಾದ್ ಲ್ಯಾನ್ಸರ್ಸ್ ಎಂಬ ಕುದುರೆ ಪಡೆಯಲ್ಲಿದ್ದವರು. ಅವರ ಗೋರಿಕಲ್ಲು ಸೀಳಿದೆ. ಅದರ ಮೇಲೆ ಉರ್ದುವಿನಲ್ಲಿ ಹೆಸರು, ಜೊತೆಗೆ ‘ದಫೇದಾರ್’ ಎಂದಿದೆ. ಹೊಸ ಕಲ್ಲಿನಲ್ಲಿ ಉರ್ದುವಿನ ಕೆಳಗೆ ಕನ್ನಡವೂ ಇರಲಿ ಅನ್ನುವುದು ಮನೆಯವರ ಆಸೆ. ಮಕ್ಕಳೆಲ್ಲ ಓದಿದ್ದು ಕನ್ನಡ ಶಾಲೆಯಲ್ಲಿ. ಸಾಲು ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ.

ತೊಡಕು ಇರುವುದು ‘ದಫೇದಾರ’ದಲ್ಲೇ. ಕುದುರೆ ದಂಡಿನಲ್ಲಿ ದಫೇದಾರ ಅಂದರೆ ಕಾಲಾಳು ಪಡೆಯ ಹವಾಲ್ದಾರನಿಗೆ ಸಮ. ಇವತ್ತಿಗೂ ನಮ್ಮ ಸೇನೆಯ ಟ್ಯಾಂಕ್ ದಳಗಳಲ್ಲಿ ಆ ಹುದ್ದೆ ಇದೆ. ಆದರೆ ನಮ್ಮ ಕಡೆ ದಫೇದಾರ ಅಂದರೆ ಡಿ.ಸಿ. ಸಾಹೇಬರ ಮುಂದೆ ಪೇಟ, ಕೆಂಪು ಪಟ್ಟಿ ಹಾಕಿಕೊಂಡು ನಡೆಯುವವನು. ಕಲ್ಲು ಓದಿದವರು ಇವರು ಕಚೇರಿಯಲ್ಲಿ ಬಾಗಿಲು ಕಾಯುತ್ತಿದ್ದರು ಅಂದುಕೊಳ್ಳುತ್ತಾರೆ, ಅಲ್ವಾ? ಆ ಕೆಲಸವೇನೂ ಕೀಳಲ್ಲ. ಆದರೆ ಇವರು ಮಾಡಿದ್ದು ಅದಲ್ಲ. ‘ಜಮಾದಾರ’ನಿಗೂ ಇದೇ ಗತಿ. ಕುದುರೆ ದಂಡಿನಲ್ಲಿ ರಿಸಾಲ್ದಾರ ಎಂಬ ಅಧಿಕಾರಿಯ ಕೆಳಗಿನ ಅಧಿಕಾರಿಯಾಗಿದ್ದವನು ಈಗ ಕಚೇರಿಯ ಜವಾನನಾಗಿದ್ದಾನೆ.

‘ಸವಾರ’ ಅನ್ನೋಣ ಎಂದರೆ ಪೇಪರಿನವರು ಆ ಪದವನ್ನು ಬೈಕಿಗೆ ಕೊಟ್ಟುಬಿಟ್ಟಿದ್ದಾರೆ. ‘ಲಾರಿ ಡಿಕ್ಕಿ: ಸವಾರ ಸಾವು’ ಅನ್ನುವುದನ್ನು ದಿನಾ ಓದುತ್ತೇವೆ. ಗೋರಿಯ ಮೇಲಂತೂ ಬೇಡವೇ ಬೇಡ. ‘ಅಶ್ವಾರೋಹಿ’ ಅಂದರೆ ಮೈಸೂರು ದಸರೆಯ ಪೊಲೀಸರು ನೆನಪಾಗುತ್ತಾರೆ.

ಕುದುರೆ ಏರಿದ ಯೋಧ ಎಂಬರ್ಥದ ‘ರಾವುತ’ ನನಗೆ ಬಹಳ ಇಷ್ಟ. ರಾಜಪುತ್ರದಿಂದ ಸವೆದು ಬಂದ ಪದ, ಕುಮಾರವ್ಯಾಸನಲ್ಲಿ ಬೇಕಾದಷ್ಟಿದೆ. ದೇವರ ಹಿಪ್ಪರಗಿಯಲ್ಲಿ ಮಲ್ಲಯ್ಯನೇ ರಾವುತರಾಯ. ಆದರೆ ಅದರಲ್ಲಿ ಹಾಡುಗಬ್ಬದ ವಾಸನೆ ಜಾಸ್ತಿ. ಪಿಂಚಣಿ ತಗೊಂಡು, ವಯಸ್ಸಾಗಿ ಮನೆಯಲ್ಲೇ ತೀರಿಕೊಂಡ ಮನುಷ್ಯನಿಗೆ ಹೊಂದುತ್ತದಾ? ಅದೇ ಕಾರಣಕ್ಕೆ, ಯಾರೋ ಹೇಳಿದ ‘ವೀರಗಲ್ಲು’ ಕೂಡ ನನಗೆ ಒಪ್ಪಿಗೆಯಿಲ್ಲ. ವೀರಗಲ್ಲು ಕಾದಾಡಿ ಸತ್ತವರದು. ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಶಿವಲಿಂಗ. ಸುಮ್ನೆ ಗೌರವಕ್ಕೆ ಅಂತ ಎಲ್ಲ ಕಲ್ಲಿಗೂ ಆ ಹೆಸರಿಡುವುದು ಸರಿಯಲ್ಲ. ‘ಮಾಜಿ ಸೈನಿಕ’ ಅಂತ ಬರೆಯಲು ಕೈ ಬರುತ್ತಿಲ್ಲ. ಗೋರಿಯಲ್ಲಿ ಮಲಗಿದವರಿಗೆ ಮಾಜಿ ಅನ್ನುವುದೇನು!

ಮನೆಯವರು ಮಾತ್ರ ದಫೇದಾರ ಬಿಡಲು ಒಪ್ಪುತ್ತಿಲ್ಲ. ಓಣಿಯಲ್ಲಿ ಅವರ ಮನೆಗೆ ಈಗಲೂ ‘ದಫೇದಾರ್ ಮನಿ’ ಅಂತಲೇ ಹೆಸರು. ಹೀಗಾಗಿ ನಾನು ಬರೆದದ್ದು: ‘ಹೈದರಾಬಾದ್ ರಿಸಾಲೆಯ ದಫೇದಾರರು’. ರಿಸಾಲೆ ಅಂದರೆ ಕುದುರೆ ದಂಡು. ಆ ಪದ ಪಕ್ಕದಲ್ಲಿದ್ದರೆ ದಫೇದಾರ ಕಚೇರಿ ಬಿಟ್ಟು ಕುದುರೆ ಹತ್ತುತ್ತಾನೆ ಅನ್ನುವುದು ನನ್ನ ಲೆಕ್ಕ. ಆದರೆ ಉರ್ದುವಿನಲ್ಲಿ ರಿಸಾಲೆ ಎಂದರೆ ಪತ್ರಿಕೆ ಅಂತಲೂ ಅರ್ಥವಿದೆ. ಗೆಳೆಯನ ಮಗಳು ಓದಿದವಳೇ ‘ಮುತ್ತಜ್ಜ ಪೇಪರ್ ಆಫೀಸಿನಲ್ಲಿದ್ರಾ?’ ಎಂದಳು.

ಯುದ್ಧದ ಸಾಲು ಕಷ್ಟವಾಗಲಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಮೈಸೂರು, ಜೋಧಪುರ, ಹೈದರಾಬಾದ್ ಮೂರೂ ಸಂಸ್ಥಾನಗಳ ಕುದುರೆ ಪಡೆಗಳು ಒಂದೇ ಬ್ರಿಗೇಡಿನಲ್ಲಿದ್ದವು. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ಪಟ್ಟಣ ಹಿಡಿದ ಹೆಸರು ಮೈಸೂರು, ಜೋಧಪುರದವರದು. ಅದನ್ನು ಇವರಿಗೆ ಅಂಟಿಸದೆ ‘ಸೂಯೆಜ್ ಮತ್ತು ಪ್ಯಾಲೆಸ್ಟೈನ್’ ಎಂದಷ್ಟೇ ಬರೆದಿದ್ದೇನೆ.

ರಾಯಚೂರು, ಲಿಂಗಸುಗೂರು, ಕೊಪ್ಪಳದ ಕಡೆಯವರು ಹೇಳಿ: ನಿಮ್ಮ ಹಿರಿಯರ ಬಾಯಲ್ಲಿ ರಿಸಾಲೆ ಕೇಳಿದ್ದೀರಾ? ಅಥವಾ ‘ಕುದುರೆ ದಂಡಿನ ದಫೇದಾರರು’ ಎಂದೇ ಬಿಡಿಸಿ ಬರೆಯಲೇ? ಕಲ್ಲು ಕೆತ್ತುವವರು ಅಕ್ಷರಕ್ಕೆ ಇಷ್ಟು ಅಂತ ದುಡ್ಡು ಕೇಳುತ್ತಾರೆ, ಅದನ್ನೂ ನೆನಪಿಟ್ಟುಕೊಂಡು ಹೇಳಿ.