ಹತ್ತು ದಿನಕ್ಕೆ ಆರು ದೇಶ ಬೇಡ, ಮೂರು ಊರು ಸಾಕು: ಯುರೋಪ್ ಪ್ರವಾಸದ ಪ್ರಶ್ನೋತ್ತರ

ಪ್ರಶ್ನೆ (ಹುಬ್ಬಳ್ಳಿಯ ಸದಸ್ಯೆ): ನಮಸ್ಕಾರ ಮೇಡಂ. ಮುಂದಿನ ಮೇ ತಿಂಗಳಲ್ಲಿ ಯುರೋಪ್‌ಗೆ ಹೋಗಬೇಕು ಅಂತಿದ್ದೇವೆ. ನಾನು, ಯಜಮಾನರು, 16 ವರ್ಷದ ಮಗಳು, ಮಾವ (69), ಅತ್ತೆ (64, ಮೊಣಕಾಲು ನೋವಿದೆ). ಎಲ್ಲರಿಗೂ ಮೊದಲ ಸಲ. ಪ್ಯಾರಿಸ್‌ನಿಂದ ರೋಮ್‌ವರೆಗೆ 10 ದಿನಕ್ಕೆ 6 ದೇಶ ತೋರಿಸುತ್ತೇವೆ ಅಂತ ಒಬ್ಬರು ಪಟ್ಟಿ ಕೊಟ್ಟಿದ್ದಾರೆ. ಅತ್ತೆ, ಮಾವ ಮೊಟ್ಟೆಯನ್ನೂ ತಿನ್ನುವುದಿಲ್ಲ. ಮಗಳಿಗೆ ಚಿತ್ರ ಬಿಡಿಸುವ ಹುಚ್ಚು. ಈ ಪಟ್ಟಿ ಸರಿಯಿದೆಯಾ?

ಉತ್ತರ (ಪ್ರವಾಸ ಯೋಜಕಿ): ನಮಸ್ಕಾರ. ನೇರವಾಗಿ ಹೇಳಿಬಿಡುತ್ತೇನೆ, ನಿಮ್ಮ ಮನೆಯವರಿಗೆ ಆ ಪಟ್ಟಿ ಬೇಡ. ಹತ್ತು ದಿನಕ್ಕೆ ಆರು ದೇಶ ಅಂದರೆ ದಿನ ಬಿಟ್ಟು ದಿನ ಪೆಟ್ಟಿಗೆ ಕಟ್ಟುವುದು, ಬೆಳಿಗ್ಗೆ ಏಳಕ್ಕೆ ಬಸ್ಸು ಹತ್ತುವುದು, ಊರಿನ ಮುಂದೆ ಇಳಿದು ಫೋಟೊ ತೆಗೆದು ಮತ್ತೆ ಬಸ್ಸು. ಮೊಣಕಾಲು ನೋವಿರುವವರಿಗೆ ನಡೆಯುವುದಕ್ಕಿಂತ ಕಷ್ಟ ಆಗುವುದು ಈ ಹತ್ತಿ ಇಳಿಯುವ ಕೆಲಸ. ವರ್ಷಗಟ್ಟಲೆ ಈ ಕೆಲಸ ಮಾಡಿ ನಾನು ಕಂಡಿದ್ದು ಇದು: ವಾಪಸ್ ಬಂದವರ ಬಾಯಲ್ಲಿ ಉಳಿಯುವುದು ಎರಡು ರಾತ್ರಿಗಿಂತ ಹೆಚ್ಚು ತಂಗಿದ ಊರುಗಳು ಮಾತ್ರ.

ನನ್ನ ಸಲಹೆ ಚೆಕ್ ದೇಶದ ಪ್ರಾಗ್, ಆಸ್ಟ್ರಿಯಾದ ವಿಯೆನ್ನಾ, ಹಂಗೇರಿಯ ಬುಡಾಪೆಸ್ಟ್. ಮೂರೂ ಒಂದೇ ರೈಲು ದಾರಿಯಲ್ಲಿವೆ. ಪ್ರಾಗ್‌ನಿಂದ ವಿಯೆನ್ನಾಗೆ ಸುಮಾರು 4 ಗಂಟೆ, ವಿಯೆನ್ನಾದಿಂದ ಬುಡಾಪೆಸ್ಟ್‌ಗೆ ಎರಡೂಮುಕ್ಕಾಲು ಗಂಟೆಯ ಆಸುಪಾಸು. ಪ್ರಾಗ್‌ನಲ್ಲಿ 3 ರಾತ್ರಿ, ವಿಯೆನ್ನಾದಲ್ಲಿ 4, ಬುಡಾಪೆಸ್ಟ್‌ನಲ್ಲಿ 3. ವಿಮಾನದ ಟಿಕೆಟ್ ಮಾಡುವಾಗ ಹೋಗುವುದು ಪ್ರಾಗ್‌ಗೆ, ಬರುವುದು ಬುಡಾಪೆಸ್ಟ್‌ನಿಂದ ಅಂತ ತೆಗೆದುಕೊಳ್ಳಿ. ಹೋದ ದಾರಿಯಲ್ಲೇ ತಿರುಗಿ ಬರುವ ಒಂದು ದಿನ ಉಳಿಯುತ್ತದೆ.

ಪ್ರಾಗ್‌ನ ಹಳೇ ಊರಿನ ಬೀದಿಗಳಿಗೆಲ್ಲ ಕಲ್ಲು ಹಾಸಿದೆ, ಅತ್ತೆಯವರಿಗೆ ದಪ್ಪ ಅಟ್ಟೆಯ ಶೂ ಬೇಕೇ ಬೇಕು. ಕೋಟೆಗೆ ಕೆಳಗಿನಿಂದ ಮೆಟ್ಟಿಲು ಹತ್ತಬೇಡಿ. 22ನೇ ನಂಬರ್ ಟ್ರಾಮ್ ಮೇಲಿನವರೆಗೂ ಹೋಗುತ್ತದೆ, ಅಲ್ಲಿಳಿದು ಕೋಟೆ ನೋಡಿ. ಚಾರ್ಲ್ಸ್ ಸೇತುವೆಗೆ 1357ರಲ್ಲಿ ಅಡಿಗಲ್ಲು ಹಾಕಿದ್ದು. ಹಗಲು ಹನ್ನೊಂದಕ್ಕೆ ಹೋದರೆ ಜನರ ಬೆನ್ನು ಬಿಟ್ಟು ಬೇರೇನೂ ಕಾಣಿಸುವುದಿಲ್ಲ. ಮೇ ತಿಂಗಳಲ್ಲಿ ಐದೂವರೆಗೆಲ್ಲ ಬೆಳಕು ಹರಿದಿರುತ್ತದೆ. ಮಗಳನ್ನು ಕರೆದುಕೊಂಡು ಆರಕ್ಕೆ ಹೋಗಿ, ಸ್ಕೆಚ್ ಪುಸ್ತಕ ಮರೆಯಬೇಡಿ. 1410ರ ಖಗೋಳ ಗಡಿಯಾರದ ಮುಂದೆ ಗಂಟೆಗೊಮ್ಮೆ ಜನ ಕತ್ತೆತ್ತಿ ನಿಂತಿರುವಾಗಲೇ ಜೇಬುಗಳ್ಳರ ಕೈ ಓಡುವುದು. ಬ್ಯಾಗನ್ನು ಎದೆಯ ಮುಂದೆ ಹಾಕಿಕೊಳ್ಳಿ.

ವಿಯೆನ್ನಾಗೆ ನಾಲ್ಕು ರಾತ್ರಿ ಕೊಟ್ಟಿದ್ದು ನಿಮ್ಮ ಮಗಳಿಗಾಗಿ. ಅಲ್ಲಿನ ಕಲಾ ಇತಿಹಾಸ ಮ್ಯೂಸಿಯಂನಲ್ಲಿ 19 ವರ್ಷದೊಳಗಿನವರಿಗೆ ಪ್ರವೇಶ ಉಚಿತ. ಹಳೇ ಕಾಲದ ಚಿತ್ರಕಾರ ಬ್ರೂಗಲ್‌ನ ಚಿತ್ರಗಳು ಜಗತ್ತಿನಲ್ಲೇ ಅತಿ ಹೆಚ್ಚು ಇರುವುದು ಅಲ್ಲಿ. ಅವನು 1565ರಲ್ಲಿ ಬರೆದ, ಹಿಮದಲ್ಲಿ ಬೇಟೆಗಾರರು ಮನೆಗೆ ಮರಳುವ ಚಿತ್ರದ ಮುಂದೆ ಅವಳನ್ನು ಅರ್ಧ ಗಂಟೆ ಬಿಟ್ಟುಬಿಡಿ. ನಾಯಿಗಳು ತಲೆ ತಗ್ಗಿಸಿಕೊಂಡು ನಡೆಯುತ್ತಿವೆ, ಇಡೀ ದಿನದ ಬೇಟೆಗೆ ಸಿಕ್ಕಿದ್ದು ಒಂದೇ ಒಂದು ನರಿ. ಕೆಳಗೆ ದೂರದಲ್ಲಿ ಹೆಪ್ಪುಗಟ್ಟಿದ ಕೆರೆಯ ಮೇಲೆ ಇರುವೆಯಷ್ಟು ಚಿಕ್ಕ ಜನ ಜಾರಾಡುತ್ತಿದ್ದಾರೆ. ಪುಸ್ತಕದಲ್ಲಿ ಇದು ಅಂಗೈಯಗಲ ಇರುತ್ತದೆ. ಅಲ್ಲಿ ಒಂದೂವರೆ ಮೀಟರ್‌ಗಿಂತ ಹೆಚ್ಚು ಅಗಲ ಇದೆ, ಹತ್ತಿರ ಹೋದಷ್ಟೂ ಹೊಸದೊಂದು ಕಾಣಿಸುತ್ತದೆ.

ಅಷ್ಟು ಹೊತ್ತು ಅತ್ತೆ, ಮಾವ ಹತ್ತಿರದ ಯಾವುದಾದರೂ ಹಳೇ ಕಾಫಿ ಮನೆಯಲ್ಲಿ ಕೂರಲಿ. 'ಮೆಲಾಂಜ್' ಅಂತ ಕೇಳಿ, ನಮ್ಮ ಹಾಲಿನ ಕಾಫಿಗೆ ಹತ್ತಿರ. ಪುಟ್ಟ ತಟ್ಟೆಯಲ್ಲಿ ಕಾಫಿ ಬರುತ್ತದೆ, ಪಕ್ಕದಲ್ಲಿ ಒಂದು ಲೋಟ ನೀರು, ಲೋಟದ ಬಾಯಿಗೆ ಅಡ್ಡಲಾಗಿ ಬೋರಲು ಹಾಕಿದ ಚಮಚ. ಒಂದೇ ಕಾಫಿಗೆ ಎರಡು ಗಂಟೆ ಕೂತರೂ ಯಾರೂ ಎಬ್ಬಿಸುವುದಿಲ್ಲ. ನಾನು ನನ್ನ ಅಮ್ಮನ ಜೊತೆ ಹೀಗೆ ಕೂತಿದ್ದೆ. ಅಮ್ಮ ಇವತ್ತಿಗೂ ವಿಯೆನ್ನಾ ಅಂದರೆ ಅರಮನೆಯ ಮಾತೆತ್ತುವುದಿಲ್ಲ, ಆ ಮಧ್ಯಾಹ್ನದ ಮಾತೆತ್ತುತ್ತಾರೆ.

ಬುಡಾಪೆಸ್ಟ್‌ನಲ್ಲಿ ಸಂಜೆ 2ನೇ ನಂಬರ್ ಟ್ರಾಮ್ ಹತ್ತಿ ಕಿಟಕಿ ಪಕ್ಕ ಕೂತುಬಿಡಿ. ಡ್ಯಾನ್ಯೂಬ್ ದಂಡೆಯುದ್ದಕ್ಕೂ ಹೋಗುತ್ತದೆ, ದೀಪ ಹಚ್ಚಿದ ಸಂಸತ್ ಭವನ, ಸೇತುವೆಗಳು ಎಲ್ಲ ಕೂತಲ್ಲೇ ಕಾಣುತ್ತವೆ. ಮಾವನಿಗೆ 1896ರಲ್ಲಿ ಶುರುವಾದ ಹಳದಿ ಮೆಟ್ರೊ ತೋರಿಸಿ. ಮಗಳಿಗೆ ಇನ್ನೊಂದು ಮಾತು: ನಮ್ಮ ಚಿತ್ರ ಕಲಾವಿದೆ ಅಮೃತಾ ಶೇರ್‌ಗಿಲ್ 1913ರಲ್ಲಿ ಹುಟ್ಟಿದ್ದು ಇದೇ ಊರಲ್ಲಿ.

ಪ್ರಶ್ನೆ (ಅದೇ ಸದಸ್ಯೆ): ಓದಿ ಮನಸ್ಸು ಹಗುರಾಯಿತು. ಊಟ?

ಉತ್ತರ: ಒಂದು ಪುಟ್ಟ ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹಿಡಿಯಿರಿ, ಅರ್ಧ ಚಿಂತೆ ಮುಗಿಯಿತು. ಅವಲಕ್ಕಿ, ಚಟ್ನಿಪುಡಿ, ಸಾರಿನ ಪುಡಿ ತೆಗೆದುಕೊಂಡು ಹೋಗಿ. ತುಪ್ಪ, ಹಾಲಿನ ಪುಡಿ, ಪನೀರ್ ಬೇಡ. ಹೊರಗಿನ ದೇಶಗಳಿಂದ ಬರುವವರು ಹಾಲಿನ ಪದಾರ್ಥ ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ. ಹಸಿ ಕರಿಬೇವು, ಮಾವಿನಹಣ್ಣಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕಾಗುತ್ತದೆ, ಆದ್ದರಿಂದ ಅವೂ ಬೇಡ. ಮೇ ತಿಂಗಳು ಅಂತ ಆಪೂಸು ಕಟ್ಟಿಕೊಂಡು ಹೋಗಿ ವಿಮಾನ ನಿಲ್ದಾಣದಲ್ಲಿ ಕಸದ ಬುಟ್ಟಿಗೆ ಹಾಕಿ ಬಂದವರಿದ್ದಾರೆ, ಹೊಟ್ಟೆ ಉರಿಯುತ್ತದೆ.

ಹೊರಗೆ ತಿನ್ನುವಾಗ, 'ವೆಜಿಟೇರಿಯನ್' ಅಂದರೆ ಅಲ್ಲಿ ಮೊಟ್ಟೆ ಸೇರಿದೆ ಅಂತಲೇ ಲೆಕ್ಕ. ವಿಯೆನ್ನಾದಲ್ಲಿ 'ಓನೆ ಐ' ಅನ್ನಿ, ಮೊಟ್ಟೆ ಇಲ್ಲದೆ ಅಂತ ಅರ್ಥ. ತರಕಾರಿ ಸೂಪಿಗೂ ಮಾಂಸದ ಸಾರು ಹಾಕಿರಬಹುದು, ಕೇಳಿ. ಬುಡಾಪೆಸ್ಟ್‌ನಲ್ಲಿ 'ಲಾಂಗೋಶ್' ಅಂತ ಅಂಗೈಗಿಂತ ದೊಡ್ಡ ಪೂರಿಯಂಥದ್ದು ಸಿಗುತ್ತದೆ, ಬೆಳ್ಳುಳ್ಳಿ ನೀರು ಸವರಿ ಬಿಸಿಬಿಸಿ ಕೊಡುತ್ತಾರೆ. ಕರಿಯುವುದು ಎಣ್ಣೆಯಲ್ಲೋ ಕೊಬ್ಬಿನಲ್ಲೋ, ಹಿಟ್ಟಿಗೆ ಏನು ಹಾಕಿದ್ದಾರೆ ಅಂತ ಕೇಳಿಯೇ ತಿನ್ನಿ. 'ಝೀರ್' ಎಂಬ ಮಾತು ಕಿವಿಗೆ ಬಿದ್ದರೆ ನಮ್ಮ ಜೀರಿಗೆ ಅಂದುಕೊಳ್ಳಬೇಡಿ, ಅದು ಕೊಬ್ಬು, ಸಾಮಾನ್ಯವಾಗಿ ಹಂದಿಯದು. ಆಸ್ಟ್ರಿಯಾದಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಅಕ್ಕಿ, ಮೊಸರು ಶನಿವಾರವೇ ತಂದಿಡಿ.

ಪ್ರಶ್ನೆ (ಮೈಸೂರಿನ ಸದಸ್ಯ): ರೈಲಿನಲ್ಲಿ ನಮ್ಮಂಥವರಿಗೆ ಗೊಂದಲ ಆಗುವುದಿಲ್ಲವೇ? ಹಣ ಎಲ್ಲಿ ಬದಲಿಸುವುದು?

ಉತ್ತರ: ಎರಡು ವಿಷಯ ತಿಳಿದಿದ್ದರೆ ಗೊಂದಲ ಇಲ್ಲ. ಈ ದಾರಿಯ ಹಲವು ರೈಲುಗಳಲ್ಲಿ ಟಿಕೆಟ್ ಬೇರೆ, ಸೀಟು ಬೇರೆ. ಟಿಕೆಟ್ ತೆಗೆದುಕೊಳ್ಳುವಾಗಲೇ ಸ್ವಲ್ಪ ಹೆಚ್ಚು ಕೊಟ್ಟು ಸೀಟು ಕಾಯ್ದಿರಿಸಿ, ಹಿರಿಯರಿದ್ದರೆ ತಪ್ಪದೆ ಮಾಡಿ. ಇನ್ನೊಂದು, ಊರಿನ ಹೆಸರು ಗಡಿ ದಾಟಿದಂತೆ ಬದಲಾಗುತ್ತದೆ. ವಿಯೆನ್ನಾ ತನ್ನೂರಲ್ಲಿ 'ವೀನ್', ಪ್ರಾಗ್‌ನವರಿಗೆ 'ವೀಡೆನ್', ಬುಡಾಪೆಸ್ಟ್‌ನವರಿಗೆ 'ಬೇಚ್'. ಫಲಕದಲ್ಲಿ ವಿಯೆನ್ನಾ ಕಾಣಲಿಲ್ಲ ಅಂತ ಗಾಬರಿಯಾಗಬೇಡಿ, ರೈಲಿನ ನಂಬರ್ ನೋಡಿ. ಟ್ರಾಮ್, ಮೆಟ್ರೊಗಳಲ್ಲಿ ಕಾಗದದ ಟಿಕೆಟ್ ಕೊಂಡರೆ ಸಾಲದು, ಯಂತ್ರಕ್ಕೆ ತೂರಿಸಿ ಮುದ್ರೆ ಹಾಕಿಸಬೇಕು. ಮುದ್ರೆ ಇಲ್ಲದಿದ್ದರೆ ದಂಡ ಕಟ್ಟಬೇಕಾಗುತ್ತದೆ.

ಮೂರು ದೇಶಕ್ಕೆ ಮೂರು ಹಣ: ಚೆಕ್ ಕೊರುನಾ, ಆಸ್ಟ್ರಿಯಾದ ಯೂರೊ, ಹಂಗೇರಿಯ ಫೋರಿಂಟ್. ಕಾರ್ಡ್ ಯಂತ್ರ 'ರೂಪಾಯಿಯಲ್ಲಿ ಕಟ್ಟುತ್ತೀರಾ' ಅಂತ ಕೇಳಿದರೆ ಬೇಡ ಅನ್ನಿ, ಸ್ಥಳೀಯ ಹಣವನ್ನೇ ಆರಿಸಿ. ಬೀದಿಯಲ್ಲಿ ಒಳ್ಳೆ ದರ ಕೊಡುತ್ತೇನೆ ಅಂತ ಬರುವವನ ಹತ್ತಿರ ನಿಲ್ಲಲೂ ಬೇಡಿ. ಪ್ರಾಗ್‌ನಲ್ಲಿ ಹಣ ಬದಲಿಸುವ ಅಂಗಡಿಯಲ್ಲಿ ಬದಲಿಸಿ ಮೋಸ ಅನ್ನಿಸಿದರೆ, 1000 ಯೂರೊವರೆಗಿನ ವ್ಯವಹಾರವನ್ನು 3 ಗಂಟೆಯೊಳಗೆ ರದ್ದು ಮಾಡಿಸುವ ಹಕ್ಕು 2019ರಿಂದ ಅಲ್ಲಿನ ಕಾನೂನಿನಲ್ಲಿದೆ. ರಸೀದಿ ಇಟ್ಟುಕೊಳ್ಳಿ.

ಪ್ರಶ್ನೆ (ಡಬ್ಲಿನ್‌ನಲ್ಲಿರುವ ಸದಸ್ಯ): ನನ್ನ ಹತ್ತಿರ ಐರ್ಲೆಂಡ್‌ನ ವಾಸದ ಪರವಾನಗಿ ಇದೆ. ಈ ಮೂರು ದೇಶಕ್ಕೆ ಹೋಗಲು ವೀಸಾ ಬೇಕಾ?

ಉತ್ತರ: ಬೇಕು. ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪ್ ದೇಶಗಳ ಗುಂಪಿಗೆ ಷೆಂಗೆನ್ ಅನ್ನುತ್ತಾರೆ, ಐರ್ಲೆಂಡ್ ಅದರಲ್ಲಿ ಇಲ್ಲ. ಜರ್ಮನಿಯ ಪರವಾನಗಿ ಇರುವ ಗೆಳೆಯರು ಬೇಡ ಅಂದಿರುತ್ತಾರೆ, ಅವರ ಪಾಲಿಗೆ ಅದು ಸರಿ, ನಿಮಗಲ್ಲ.

ಪ್ರಶ್ನೆ (ಹುಬ್ಬಳ್ಳಿಯ ಸದಸ್ಯೆ): ಕೊನೆಯದಾಗಿ, ನಾವು ಯಾವ ದೇಶಕ್ಕೆ, ಯಾವಾಗ ಅರ್ಜಿ ಹಾಕಬೇಕು?

ಉತ್ತರ: ಹೆಚ್ಚು ದಿನ ಇರುವ ದೇಶಕ್ಕೆ. ನಿಮ್ಮದು ವಿಯೆನ್ನಾದಲ್ಲಿ 4 ರಾತ್ರಿ, ಹಾಗಾಗಿ ಆಸ್ಟ್ರಿಯಾ. ಒಂದೇ ವೀಸಾ ಮೂರೂ ದೇಶಕ್ಕೆ ಸಾಕು. ವೀಸಾ ಶುಲ್ಕ ದೊಡ್ಡವರಿಗೆ 90 ಯೂರೊ, ಮಗಳಿಗೂ ಅಷ್ಟೇ. ಕನಿಷ್ಠ 30,000 ಯೂರೊ ವೈದ್ಯಕೀಯ ವಿಮೆ ಕಡ್ಡಾಯ, ಅತ್ತೆ, ಮಾವನಿಗೆ ಇರುವ ಕಾಯಿಲೆಗಳನ್ನು ಮುಚ್ಚಿಡದೆ ಬರೆಸಿ. ಪ್ರಯಾಣಕ್ಕೆ 6 ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಬೇಸಿಗೆ ರಜೆಯ ಮುಂಚೆ ಅರ್ಜಿ ಕೊಡುವ ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟ, ಜನವರಿಯಲ್ಲೇ ಮುಗಿಸಿಕೊಳ್ಳಿ. ಅದಕ್ಕೂ ಮೊದಲು ಇವತ್ತು ರಾತ್ರಿ ಐದೂ ಪಾಸ್‌ಪೋರ್ಟ್ ತೆಗೆದು ನೋಡಿ: ಕೊಟ್ಟು 10 ವರ್ಷ ದಾಟಿರಬಾರದು, ಅಲ್ಲಿಂದ ಹೊರಟ ಮೇಲೂ 3 ತಿಂಗಳು ಅವಧಿ ಉಳಿದಿರಬೇಕು, ಎರಡು ಪುಟ ಖಾಲಿ ಇರಬೇಕು. ನೋಡಿ ಇಲ್ಲೇ ಬರೆಯಿರಿ, ಮುಂದಿನದನ್ನು ಒಟ್ಟಿಗೆ ಮಾಡೋಣ.