ಅಪ್‌ಡೇಟ್: ಪಕ್ಕದ ಮನೆ ಅಕ್ಕನ ಹತ್ರ ಕೊನೆಗೂ ಯೇಸು ಬಗ್ಗೆ ಮಾತಾಡಿದೆ

ಮೇ ತಿಂಗಳಲ್ಲಿ ಕೇಳಿದ್ದೆ ನೆನಪಿರಬೋದು, ಒಂಬತ್ತು ವರ್ಷದಿಂದ ಗೊತ್ತಿರೋ ಅಕ್ಕನ ಹತ್ರ ನನ್ನ ನಂಬಿಕೆ ಬಗ್ಗೆ ಮಾತಾಡೋಕೆ ಧೈರ್ಯನೇ ಬರ್ತಿಲ್ಲ, ಮತಾಂತರಕ್ಕೆ ಬಂದ್ಲು ಅಂದ್ಕೊಂಡ್ರೆ ಏನ್ಮಾಡ್ಲಿ ಅಂತ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್. ಒಬ್ರು ಬೈಬಲ್‌ನಲ್ಲಿ 1 ಪೇತ್ರ 3:15 ಓದು, ಕೇಳಿದವರಿಗೆ ಹೇಳೋಕೆ ರೆಡಿ ಇರು, ಆದ್ರೆ ಸೌಮ್ಯವಾಗಿ ಹೇಳು ಅಂದಿದ್ರಿ, ಅದೇ ಕೈ ಹಿಡೀತು.

ಜೂನ್ 1ರಿಂದ 61 ದಿನ ಕಾರವಾರದಲ್ಲಿ ಮೀನುಗಾರಿಕೆ ಬೋಟು ಬಂದ್ ಇರುತ್ತಲ್ಲ, ಅದು ಮುಗಿದು ಭಾವ ಬೈತಖೋಲ ಬಂದರಿನಿಂದ ಕಡಲಿಗೆ ಹೋದ ಎರಡನೇ ದಿನಾನೇ ಜೋರು ಗಾಳಿ, ಫೋನೂ ಹೋಗ್ತಿಲ್ಲ, ಅಕ್ಕ ಹಿತ್ತಲ ಮೆಟ್ಟಿಲ ಮೇಲೆ ಕೂತು ಬಂಗಡೆ ಕೊಯ್ತಾ ಇದ್ರು, ಕೈ ನಡುಗ್ತಿತ್ತು, ಒಂದೇ ಮೀನನ್ನ ಮೂರ್ಮೂರು ಸಲ ತೊಳೀತಿದ್ರು. "ಅಕ್ಕಾ, ಪ್ರಾರ್ಥನೆ ಮಾಡ್ಲಾ? ಬೇಡ ಅಂದ್ರೆ ಮನಸಲ್ಲೇ ಮಾಡ್ತೇನೆ" ಅಂದೆ. "ಗಟ್ಟಿಯಾಗೇ ಮಾಡು ಮಾರಾಯ್ತಿ" ಅಂದ್ರು. ನನ್ನ ಗಂಟಲು ಒಣಗಿತ್ತು, ನಾಲ್ಕೇ ಮಾತು, ಗಲಿಲಾಯ ಕಡಲಲ್ಲಿ ಬಿರುಗಾಳಿ ನಿಲ್ಲಿಸಿದ ದೇವರೇ ಭಾವನ ಜೊತೆ ಇರು ಅಂತ.

ಮರುದಿನ ಬೆಳಿಗ್ಗೆ ಭಾವ ಬಂದ್ರು. ನನ್ನ ಪ್ರಾರ್ಥನೆಯಿಂದಲೇ ಅಂತ ನಾನು ಹೇಳ್ಲಿಲ್ಲ, ಅವ್ರ ಸಂಕಟಾನ ನನ್ನ ಅನುಕೂಲಕ್ಕೆ ಬಳಸ್ಕೊಂಡ ಹಾಗಾಗುತ್ತೆ, ಅದು ತಪ್ಪು ಅಂತ್ಲೇ ಅನಿಸುತ್ತೆ. ಆದ್ರೆ ಸಂಜೆ ಅಕ್ಕನೇ ಕೇಳಿದ್ರು, "ಆ ಗಾಳಿ ಕಥೆ ಏನೇ?" ಯೇಸು ದೋಣೀಲಿ ಮಲಗಿದ್ದು, ಶಿಷ್ಯರು ಎಬ್ಬಿಸಿದ್ದು, ಆ ಶಿಷ್ಯರಲ್ಲಿ ಪೇತ್ರ ಅಂದ್ರೇಯ ಯಾಕೋಬ ಯೋಹಾನ ನಾಲ್ವರೂ ಮೀನುಗಾರರೇ ಅಂತ ಹೇಳಿದೆ. "ಹೌದಾ, ನಮ್ಮವ್ರೇ ಹಾಗಾದ್ರೆ" ಅಂತ ಪಾತ್ರೆ ಬದಿಗಿಟ್ಟು ಕೂತ್ರು.