ನಾಲ್ಕು ಹಸಿರು, ಒಂದು ಬೂದು

ನಮ್ಮ ವಾಟ್ಸಾಪ್ ಗುಂಪಿನಲ್ಲಿ ಗುಡ್ ಮಾರ್ನಿಂಗ್ ಹೂಗಳ ಕಾಲ ಮುಗಿಯಿತು. ಈಗ ಬೆಳಗ್ಗೆ ಎದ್ದರೆ ಬರೀ ಚೌಕಗಳು. ಹಸಿರು, ಹಳದಿ, ಬೂದು. ಹೊಸದಾಗಿ ಸೇರಿದ ನನ್ನ ಭಾವ ಎರಡು ದಿನ ನೋಡಿ, "ಟೈಲ್ಸ್ ವ್ಯಾಪಾರ ಯಾರದ್ದು? ಚದರಡಿಗೆ ಎಷ್ಟು?" ಅಂತ ಕೇಳಿಬಿಟ್ಟರು.

ವರ್ಡಲ್ ಅಂತ ಆಟ ಭಾವ, ಅಂದೆ. ಐದು ಅಕ್ಷರದ ಒಂದು ಇಂಗ್ಲಿಷ್ ಪದ ಹುಡುಕಬೇಕು. ಆರು ಅವಕಾಶ. ಅಕ್ಷರ ಸರಿಯಾದ ಜಾಗದಲ್ಲಿದ್ದರೆ ಹಸಿರು, ಇದ್ದೂ ಜಾಗ ತಪ್ಪಿದ್ದರೆ ಹಳದಿ, ಇಲ್ಲವೇ ಇಲ್ಲ ಅಂದ್ರೆ ಬೂದು. "ಇಷ್ಟೇನಾ?" ಅಂದರು ಭಾವ. ಇಷ್ಟೇ. ಆದರೆ ಶನಿವಾರ ಸಂಜೆ ಪದ್ಮಕ್ಕನ ಮನೆ ಜಗಲಿಯಲ್ಲಿ ಕಾಫಿ ಆರಿ ಹೋಗುವುದು ಇದೇ ಮಾತಿನಿಂದ.

ಮೇಷ್ಟ್ರಿಗೆ ವಾಚ್ ದಿನದ ಸಿಟ್ಟು ಇನ್ನೂ ಇಳಿದಿಲ್ಲ.

"ಮೂರನೇ ಸಾಲಿಗೇ ಎ-ಟಿ-ಸಿ-ಎಚ್ ನಾಲ್ಕೂ ಹಸಿರು! ಕ್ಯಾಚ್ ಹಾಕಿದ್ದೆ, ಮೊದಲ ಅಕ್ಷರ ಒಂದೇ ಬಾಕಿ. ಆಮೇಲೆ ಬ್ಯಾಚ್ ಹಾಕಿದೆ. ಮ್ಯಾಚ್ ಹಾಕಿದೆ. ಪ್ಯಾಚ್ ಹಾಕಿದೆ. ಮುಗೀತು. ಉತ್ತರ ವಾಚ್ ಅಂತೆ!"

"ಕೈಯಲ್ಲೇ ಕಟ್ಟಿಕೊಂಡಿದ್ದೀರಲ್ಲ ಮೇಷ್ಟ್ರೇ" ಅಂದ ಗಿರಿ. ಮೇಷ್ಟ್ರು ಆ ಕೈಯನ್ನು ಪಂಚೆಯ ಮಡಿಕೆಯಲ್ಲಿ ಮುಚ್ಚಿಕೊಂಡರು.

ಪದ್ಮಕ್ಕ ತಟ್ಟೆಯಲ್ಲಿ ಚಕ್ಕುಲಿ ತಂದಿಟ್ಟು, "ನಾಲ್ಕನೇ ಸಾಲಿಗೆ ಬ್ಲಿಂಪ್ ಹಾಕಬೇಕಿತ್ತು" ಅಂದರು.

"ಬ್ಲಿಂಪಾ? ಹಾಗಂದ್ರೆ?"

"ಹಗುರ ಅನಿಲ ತುಂಬಿದ ಬಲೂನಿನಂಥ ವಿಮಾನ. ಅರ್ಥ ಯಾರಿಗೆ ಬೇಕು? ಬಿ, ಎಲ್, ಎಂ, ಪಿ ನಾಲ್ಕೂ ಅದರಲ್ಲಿದೆ. ಕ್ಯಾಚ್ ಹೋದ ಮೇಲೆ ಉಳಿದದ್ದು ಬ್ಯಾಚ್, ಹ್ಯಾಚ್, ಲ್ಯಾಚ್, ಮ್ಯಾಚ್, ಪ್ಯಾಚ್, ವಾಚ್. ಆರು. ಬ್ಲಿಂಪ್‌ನಲ್ಲಿ ಆ ನಾಲ್ಕರ ಪೈಕಿ ಒಂದಕ್ಕೆ ಬಣ್ಣ ಬಂದರೆ ಅದೇ ಉತ್ತರ. ಬರದಿದ್ದರೆ ಹ್ಯಾಚ್ ಅಥವಾ ವಾಚ್. ಎರಡು ಪದಕ್ಕೆ ಎರಡು ಅವಕಾಶ. ಸೋಲೋದು ಹೇಗೆ?"

"ಉತ್ತರ ಅಲ್ಲ ಅಂತ ಗೊತ್ತಿದ್ದೂ ಹಾಕೋದಾ?" ಮೇಷ್ಟ್ರಿಗೆ ಇದು ಪರೀಕ್ಷೆಯಲ್ಲಿ ಬೇಕಂತಲೇ ತಪ್ಪು ಬರೆದಷ್ಟು ಕಷ್ಟ. ಅದೂ ಅಲ್ಲದೆ ಅವರು ಆಡುವುದು ಹಾರ್ಡ್ ಮೋಡ್. ಅಲ್ಲಿ ಸಿಕ್ಕ ಸುಳಿವನ್ನು ಮುಂದಿನ ಸಾಲಿನಲ್ಲಿ ಬಳಸಲೇಬೇಕು, ಬ್ಲಿಂಪ್ ಹಾಕಲು ಆಟವೇ ಬಿಡಲ್ಲ. ಯಾಕೆ ಹಾರ್ಡ್ ಮೋಡ್ ಅಂತ ಕೇಳಿದರೆ, "ಮರ್ಯಾದೆ" ಅನ್ನುತ್ತಾರೆ. ನನ್ನ ಪ್ರಕಾರ ಅವರಿಗೆ ಅದನ್ನು ಆಫ್ ಮಾಡುವುದು ಎಲ್ಲಿ ಅಂತ ಗೊತ್ತಿಲ್ಲ.

ಐ-ಜಿ-ಎಚ್-ಟಿ ಇನ್ನೂ ಕೆಟ್ಟದ್ದು. ಫೈಟ್, ಲೈಟ್, ಮೈಟ್, ನೈಟ್, ರೈಟ್, ಸೈಟ್, ಟೈಟ್. ಏಳಾಯಿತಾ? ಎಂಟನೆಯದು ಎಯ್ಟ್. ಇದರಲ್ಲಿ ಜಿ ಮತ್ತು ಎಚ್ ಮದುವೆಗೆ ಬಂದು ಉಂಡು ಹೋಗುವ ನೆಂಟರ ಹಾಗೆ. ಸದ್ದೂ ಇಲ್ಲ, ಕೆಲಸವೂ ಇಲ್ಲ, ಎರಡು ಎಲೆ ಮಾತ್ರ ಖರ್ಚು.

ಮಾತು ಮೊದಲ ಪದಕ್ಕೆ ಹೊರಳಿತು. ಇಲ್ಲಿ ನಮ್ಮಲ್ಲಿ ಪಕ್ಷಗಳಿವೆ. ನಾನು ಅಡ್ಯೂ (ಎ-ಡಿ-ಐ-ಇ-ಯು, ಅಂದ್ರೆ ವಿದಾಯ), ನಾಲ್ಕು ಸ್ವರ ಒಟ್ಟಿಗೇ ಗೊತ್ತಾಗುತ್ತದೆ. "ಆಟ ಶುರುವಾಗೋ ಮೊದಲೇ ಹೋಗಿಬರ್ತೀನಿ ಅಂತೀಯಲ್ಲ, ಗೆಲ್ಲೋದು ಹೇಗೆ?" ಅಂತ ಪದ್ಮಕ್ಕ. ಮೇಷ್ಟ್ರದ್ದು ಸ್ಲೇಟ್. ಬೇರೆ ಏನಿರುತ್ತೆ? ಗಿರಿಯ ಊರು ತೀರ್ಥಹಳ್ಳಿ ಕಡೆ. ಅವನ ಮೊದಲ ಪದ ಅರೇಕ, ಅಂದ್ರೆ ಅಡಕೆ.

"ಎ ಎರಡು ಸಲ ಬರುತ್ತಲ್ಲೋ, ಒಂದು ಮನೆ ದಂಡ" ಅಂದೆ.

"ಏನು ದಂಡ? ಕೇಳಿಲ್ಲಿ. ನ್ಯೂಯಾರ್ಕ್ ಟೈಮ್ಸ್‌ನವರದ್ದು ವರ್ಡಲ್‌ಬಾಟ್ ಅಂತ ಒಂದಿದೆ, ನಾವು ಆಡಿದ್ದನ್ನು ನೋಡಿ ಸಲಹೆ ಕೊಡೋ ಕಂಪ್ಯೂಟರ್ ಪ್ರೋಗ್ರಾಂ. 2022ರಲ್ಲಿ ಬಂದಾಗ ಅದು ಕ್ರೇನ್ ಅಂತ ಶುರು ಮಾಡಿ ಅಂದಿತ್ತು. ಸಿ, ಆರ್, ಎ, ಎನ್, ಇ. ನನ್ನ ಅಡಕೆಯಲ್ಲಿ ಎನ್ ಒಂದು ಬಿಟ್ಟು ಎಲ್ಲಾ ಇದೆ. ಕಂಪ್ಯೂಟರ್ ಹೇಳಿದ್ದಕ್ಕೂ ತೋಟದವನು ಹೇಳಿದ್ದಕ್ಕೂ ಒಂದೇ ಅಕ್ಷರ ವ್ಯತ್ಯಾಸ!"

"ಆಮೇಲೆ ಅದು ಸ್ಲೇಟ್‌ಗೆ ಬಂತು" ಅಂದರು ಮೇಷ್ಟ್ರು ಮೆತ್ತಗೆ.

ಅರೇಕ ಉತ್ತರವಾಗಿ ಬರೋದು ಅನುಮಾನ ಅಂತ ನಾನು ಹೇಳಿದ್ದು ಗಿರಿಗೆ ಹಿಡಿಸಲಿಲ್ಲ. ಅದಕ್ಕೊಂದು ಕಥೆ ಇದೆ. ಆಟ ಮಾಡಿದ ಜಾಶ್ ವಾರ್ಡಲ್ ಐದಕ್ಷರದ ಪದ ಎಣಿಸಿದಾಗ ಸುಮಾರು 12,000 ಸಿಕ್ಕವು. ಅವನ ಸಂಗಾತಿ ಪಲಕ್ ಶಾ ಕೂತು, ತನಗೆ ಗೊತ್ತಿರುವ ಪದ ಯಾವುದು, ಗೊತ್ತಿಲ್ಲದ್ದು ಯಾವುದು ಅಂತ ಅಷ್ಟನ್ನೂ ಜರಡಿ ಹಿಡಿದಳು. ಉಳಿದದ್ದು ಸುಮಾರು 2,500, ಉತ್ತರಕ್ಕೆ ಅಂತ ಇಟ್ಟದ್ದು ಅವನ್ನೇ. ಅರೇಕ ಅದರಲ್ಲಿರಲಿಲ್ಲ. ಆಟ ಇದ್ದದ್ದೇ ಅವಳಿಗೋಸ್ಕರ. 2021ರ ನವೆಂಬರ್ 1ಕ್ಕೆ ಆಡುತ್ತಿದ್ದವರು 90 ಜನ, ಎರಡು ತಿಂಗಳಲ್ಲಿ 3 ಲಕ್ಷ. 2022ರ ಜನವರಿ ಕೊನೆಗೆ ನ್ಯೂಯಾರ್ಕ್ ಟೈಮ್ಸ್ ಕೊಂಡುಕೊಂಡಿತು.

"ಅಲ್ಲಿಂದಲೇ ಹಾಳಾದದ್ದು" ಅಂದರು ಮೇಷ್ಟ್ರು. ಇದು ನಿಜ ಅಲ್ಲ, ಮೊದಲೂ ಹಾಗೇ ಇತ್ತು. ಅವರ ದೂರು ಸ್ಪೆಲಿಂಗಿನದು. ಆ ವರ್ಷ ಜನವರಿಯಲ್ಲಿ ಫೇವರ್ ಬಂತು, ಫೆಬ್ರವರಿಯಲ್ಲಿ ಹ್ಯೂಮರ್ ಬಂತು, ಎರಡಕ್ಕೂ ಕೊನೆಯಲ್ಲಿ ಬರೀ ಒ-ಆರ್. ಯು ಇಲ್ಲ. ಬ್ರಿಟನ್ನಿನಲ್ಲಿ ಜನ ಉರಿದುಬಿದ್ದರು. ಮೇಷ್ಟ್ರು ಅವರಿಗಿಂತ ಜಾಸ್ತಿ. "ಮೂವತ್ತು ವರ್ಷ ಆ ಯು ಬಿಟ್ಟವರಿಗೆಲ್ಲ ಅರ್ಧ ಮಾರ್ಕು ಕಳೆದಿದ್ದೀನಿ. ಅವರೆಲ್ಲ ಈಗ ಬಂದು ವಾಪಸ್ ಕೇಳಿದರೆ?"

ಅಷ್ಟರಲ್ಲಿ ಗಿರಿ ಒಂದು ಬಾಂಬ್ ಹಾಕಿದ. ಪದ್ಮಕ್ಕನ ಮಗ ನ್ಯೂಜೆರ್ಸಿಯಲ್ಲಿದ್ದಾನೆ. ದಿನಾ ಎರಡು, ಜಾಸ್ತಿ ಅಂದ್ರೆ ಮೂರೇ ಸಾಲಿಗೆ ಗೆಲ್ಲುತ್ತಾನೆ. ಹೇಗೆ?

ಪದ್ಮಕ್ಕ ಚಕ್ಕುಲಿ ಡಬ್ಬಿಯ ಮುಚ್ಚಳ ಸರಿಮಾಡತೊಡಗಿದರು.

ಹೊಸ ಪದ ಬರುವುದು ಅವರವರ ಊರಿನ ಮಧ್ಯರಾತ್ರಿಗೆ. ನಮಗೆ ಬಂದ ಒಂಬತ್ತೂವರೆ ಗಂಟೆ ಮೇಲೆ ಅವರಿಗೆ, ಚಳಿಗಾಲದಲ್ಲಿ ಹತ್ತೂವರೆ. ಪದ್ಮಕ್ಕ ನಸುಕಿನಲ್ಲೇ ಬಿಡಿಸಿ, ತಿಂಡಿ ಮುಗಿಸಿ, ಮಗನಿಗೆ ಫೋನ್ ಮಾಡುತ್ತಾರೆ.

"ಉತ್ತರ ಹೇಳಲ್ಲಪ್ಪ. 'ಟೈಮ್ ಎಷ್ಟಾಯ್ತು ಮಗಾ' ಅಂತ ಸುಮ್ನೆ ಕೇಳಿದ್ದೆ ಆವತ್ತು."

"ನಮಗೆ ಮಾತ್ರ ಬ್ಲಿಂಪ್ ಪಾಠ, ಮಗನಿಗೆ ಟೈಮಾ?" ಅಂತ ಮೇಷ್ಟ್ರು ಎದ್ದೇಬಿಟ್ಟರು.

"ನೀವೂ ಅಮೆರಿಕಕ್ಕೆ ಹೋಗಿ, ನಿಮಗೂ ಫೋನ್ ಮಾಡ್ತೀನಿ."

"ಹ್ಯೂಮರ್‌ಗೆ ಯು ಹಾಕದ ದೇಶಕ್ಕೆ ನಾನು ಕಾಲಿಡಲ್ಲ" ಅಂದು ಮೇಷ್ಟ್ರು ಮತ್ತೆ ಕೂತರು. ಚಕ್ಕುಲಿ ಇನ್ನೂ ಮುಗಿದಿರಲಿಲ್ಲ.